ಗಿರಿಯಾತ್ರೆಗೆ ಯಾವ ಋತು ಲೇಸು?

'ದೇಶ ಸುತ್ತು, ಕೋಶ ಓದು' ಎಂದು ನಮ್ಮ ಹಿರಿಯರು ಹೇಳಿದರು. ಕೋಶವನ್ನು ಯಾವ ಕಾಲದಲ್ಲಿ ಬೇಕಾದರೂ ಓದಬಹುದು; ಮಳೆಗಾಲದಲ್ಲಿ ತೆರೆದರೂ ಅದರ ಅಕ್ಷರಗಳು ಅವೇ, ಬೇಸಗೆಯಲ್ಲಿ ತೆರೆದರೂ ಅವೇ. ದೇಶದ ಮಾತು ಹಾಗಲ್ಲ. ಒಂದೇ ಬೆಟ್ಟವು ಆಷಾಢದಲ್ಲಿ ಒಂದು ಬಗೆ, ಪುಷ್ಯದಲ್ಲಿ ಇನ್ನೊಂದು ಬಗೆ, ವೈಶಾಖದಲ್ಲಿ ಮತ್ತೊಂದೇ ಬಗೆ. ಆದುದರಿಂದ ಪ್ರವಾಸ ಹೊರಡುವವರು 'ಎಲ್ಲಿಗೆ?' ಎಂದು ಕೇಳಿಕೊಳ್ಳುವಷ್ಟೇ ಗಂಭೀರವಾಗಿ 'ಯಾವಾಗ?' ಎಂದೂ ಕೇಳಿಕೊಳ್ಳಬೇಕು. ನಮ್ಮಲ್ಲಿ ಬಹುಮಂದಿ ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ರಜೆಯ ಸುತ್ತೋಲೆಗೆ ಬಿಟ್ಟುಬಿಡುತ್ತಾರೆ. ಶಾಲೆಗೆ ರಜೆ ಬಂದಾಗ ಬೆಟ್ಟಕ್ಕೂ ಒಳ್ಳೆಯ ಕಾಲ ಬಂದಿತೆಂದು ತಿಳಿಯುತ್ತಾರೆ. ಬೆಟ್ಟಕ್ಕೆ ಆ ಸುತ್ತೋಲೆಯ ಗೊಡವೆ ಇಲ್ಲ.

ಗುಜರಾತದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕೂ ಉಂಟು. ನಾವು ಊರು ಬಿಟ್ಟು ಬರುವಾಗ ಗಂಟುಮೂಟೆಯೊಡನೆ ಊರಿನ ಋತುಗಳನ್ನೂ ಕಟ್ಟಿಕೊಂಡು ಬಂದಿದ್ದೇವೆ. ಬೆಟ್ಟವೆಂದೊಡನೆ ಮಂಗಳೂರು, ಉಡುಪಿಗಳ ಕಡೆಯವರಿಗೆ ಆಗುಂಬೆ ಕಣ್ಣಿಗೆ ಕಟ್ಟುತ್ತದೆ. ಹಾಸನ, ಮೈಸೂರುಗಳ ಕಡೆಯವರಿಗೆ ಕೊಡಗು ಅಥವಾ ಬಾಬಾಬುಡನ್‌ಗಿರಿ. ವಿಜಯಪುರ, ಕಲಬುರ್ಗಿಗಳಿಂದ ಬಂದ ನಮ್ಮಂಥವರಿಗೆ ಬೆಟ್ಟವೇ ಅಪರೂಪ. 'ಬಿಸಿಲು ನಮಗೇನು ಹೊಸದೇ?' ಎಂಬ ಧೈರ್ಯ ಮಾತ್ರ ಜೊತೆಗಿದೆ. ಈ ಹಳೆಯ ಅಳತೆಗಳಿಂದ ಇಲ್ಲಿಯ ಬೆಟ್ಟಗಳನ್ನು ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. ಏಕೆ ತಪ್ಪುತ್ತದೆ ಎಂಬುದನ್ನು ಮೊದಲು ನೋಡೋಣ.

ಒಂದು ಸ್ಥಳದ ಹವೆಯನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಣಯಿಸುತ್ತವೆ: ಅಕ್ಷಾಂಶ, ಎತ್ತರ, ಗಾಳಿ. ಭೂಗೋಳದ ಪಾಠದಲ್ಲಿ ನಾವು ಓದುವ ಕರ್ಕಾಟಕ ಸಂಕ್ರಾಂತಿ ವೃತ್ತವು ಇಪ್ಪತ್ತಮೂರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಮ್ಮ ಅಹಮದಾಬಾದಿನ ಉತ್ತರಕ್ಕೆ ತುಸು ದೂರದಲ್ಲಿಯೇ ಹಾದುಹೋಗುತ್ತದೆ. ಅಬು ಪರ್ವತವು ಅದಕ್ಕೂ ಉತ್ತರಕ್ಕೆ, ಇಪ್ಪತ್ತನಾಲ್ಕೂವರೆ ಡಿಗ್ರಿಯ ಆಚೆಗಿದೆ. ಅಲ್ಲಿ ವರ್ಷದ ಯಾವ ದಿನವೂ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುವುದಿಲ್ಲ. ಇಂಥ ಪ್ರದೇಶವನ್ನು ಉಪೋಷ್ಣವಲಯವೆನ್ನುತ್ತಾರೆ. ಮಡಿಕೇರಿಯಾದರೋ ಹನ್ನೆರಡೂವರೆ ಡಿಗ್ರಿಯ ಆಸುಪಾಸಿನಲ್ಲಿದ್ದು ಸೂರ್ಯನನ್ನು ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಕಾಣುತ್ತದೆ. ಭೂಮಧ್ಯರೇಖೆಯಿಂದ ದೂರ ಸರಿದಷ್ಟೂ ಬೇಸಗೆಗೂ ಚಳಿಗಾಲಕ್ಕೂ ನಡುವಣ ಅಂತರ ಹಿಗ್ಗುತ್ತದೆ. ಡಿಸೆಂಬರಿನ ಕೊನೆಯಲ್ಲಿ ಮಡಿಕೇರಿಯ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಅಬುವಿನದು ಸುಮಾರು ಹತ್ತೂವರೆ ಗಂಟೆ ಮಾತ್ರ. ಆದಕಾರಣ ಕೊಡಗಿನ ಚಳಿಯನ್ನು ಕಂಡವರು 'ಅಬುವಿನದೂ ಇಷ್ಟೇ ಇರಬೇಕು' ಎಂದು ಒಂದು ಶಾಲು ಹೊದೆದು ಹೊರಟರೆ ಮೊದಲನೆಯ ರಾತ್ರಿಯೇ ನಡುಗಬೇಕಾಗುತ್ತದೆ.

ಎರಡನೆಯದು ಎತ್ತರ. ಪ್ರತಿ ಸಾವಿರ ಮೀಟರು ಮೇಲೇರಿದರೆ ಉಷ್ಣಮಾನವು ಸರಾಸರಿ ಆರೂವರೆ ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಗಾಳಿಯಲ್ಲಿ ತೇವವಿಲ್ಲದಿದ್ದರೆ ಈ ಇಳಿತ ಇನ್ನೂ ಹೆಚ್ಚು; ತೀರ ಒಣಗಾಳಿ ಮೇಲೇರುವಾಗ ಸಾವಿರ ಮೀಟರಿಗೆ ಹತ್ತು ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಇದನ್ನು ನೆನಪಿನಲ್ಲಿಟ್ಟರೆ ಯಾವ ಬೆಟ್ಟ ಬೇಸಗೆಯಲ್ಲಿ ಆಶ್ರಯ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದನ್ನು ಮನೆಯಲ್ಲಿ ಕುಳಿತೇ ಲೆಕ್ಕ ಹಾಕಬಹುದು. ಮೂರನೆಯದು ಗಾಳಿ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ಬೆಟ್ಟಕ್ಕೆ ಅಡ್ಡವಾಗಿ ಬಡಿದರೆ ಮೇಲೇರಿ, ತಂಪಾಗಿ, ಮಳೆ ಸುರಿಸುತ್ತದೆ. ಬೆಟ್ಟದ ಸಾಲಿಗೆ ಸಮನಾಗಿ ಬೀಸಿದರೆ ಬಹುಪಾಲು ತೇವವನ್ನು ಹೊತ್ತುಕೊಂಡೇ ಮುಂದೆ ಸಾಗುತ್ತದೆ.

ಈಗ ನಮ್ಮ ಮೂರು ನಗರಗಳಿಗೆ ಸೇರಿದ ಮೂರು ಬೆಟ್ಟಗಳನ್ನು ಒಂದೊಂದಾಗಿ ನೋಡಬಹುದು. ಅಹಮದಾಬಾದಿನವರಿಗೆ ಅಬು, ವಡೋದರದವರಿಗೆ ಪಾವಾಗಢ, ಸೂರತ್ತಿನವರಿಗೆ ಸಾಪುತಾರಾ. ಮೂರೂ ಬೆಟ್ಟಗಳೇ, ಆದರೆ ಮೂರಕ್ಕೂ ಒಂದೇ ಪಂಚಾಂಗ ಸಲ್ಲದು.

ಅಬು ಅರಾವಳಿ ಶ್ರೇಣಿಯ ತಲೆಯೆತ್ತಿ ನಿಂತ ಭಾಗ. ಅದರ ಗುರುಶಿಖರವು 1722 ಮೀಟರು ಎತ್ತರವಾಗಿದ್ದು ಇಡೀ ಅರಾವಳಿಗೆ ಅತ್ಯುನ್ನತವಾದುದು. ಊರು ಸುಮಾರು 1200 ಮೀಟರಿನಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದು ಮುಂಬಯಿ ರಾಜ್ಯದಲ್ಲಿತ್ತು. ಅಂದಿನಿಂದ ರಾಜಸ್ಥಾನಕ್ಕೆ ಸೇರಿದೆ. ಹಾಗಿದ್ದರೂ ಗುಜರಾತಿನವರು ಅದನ್ನು ತಮ್ಮ ಮನೆಯ ಮಾಳಿಗೆಯೆಂದೇ ಭಾವಿಸುತ್ತಾರೆ. ಅಹಮದಾಬಾದಿನಿಂದ ಅಬುರೋಡ್ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು 185 ಕಿಲೋಮೀಟರು, ಅಲ್ಲಿಂದ ಘಟ್ಟದ ರಸ್ತೆ 28 ಕಿಲೋಮೀಟರು.

ಮೇ ತಿಂಗಳಲ್ಲಿ ಅಹಮದಾಬಾದಿನ ಹಗಲಿನ ಉಷ್ಣಮಾನ ಸರಾಸರಿ 41-42 ಡಿಗ್ರಿ. ನಮ್ಮ ಲೆಕ್ಕದಂತೆ 1150 ಮೀಟರು ಮೇಲಿರುವ ಅಬುವಿನಲ್ಲಿ ಅದು ಎಂಟರಿಂದ ಹತ್ತು ಡಿಗ್ರಿಯಷ್ಟು ಕಡಿಮೆಯಿರಬೇಕು. ವಾಸ್ತವವಾಗಿಯೂ ಅಲ್ಲಿ 32-33ರ ಸುತ್ತಮುತ್ತ ಇರುತ್ತದೆ. ಎಂದರೆ ಬೇಸಗೆಯ ಅಬು ತಂಪಾದ ಸ್ಥಳವಲ್ಲ, ಸಹಿಸಬಹುದಾದ ಸ್ಥಳ. ಹುಲ್ಲು ಒಣಗಿರುತ್ತದೆ, ಎಲೆ ಉದುರಿರುತ್ತದೆ. 2017ರ ಏಪ್ರಿಲ್‌ನಲ್ಲಿ ಅಲ್ಲಿಯ ಕಾಡಿಗೆ ಬೆಂಕಿ ಬಿದ್ದು ಆರಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು. ಆದರೂ ಕೆಳಗಿನ ಬೇಗೆಯಿಂದ ನಾಲ್ಕು ದಿನ ಪಾರಾಗಬೇಕೆಂಬವರಿಗೆ ಅದು ಉಪಕಾರಿಯೇ.

ಮಳೆಗಾಲದಲ್ಲಿ ಅಬುವಿನ ರೂಪವೇ ಬೇರೆ. ಅರಾವಳಿಯ ಸಾಲು ನೈಋತ್ಯ ಮಾರುತಕ್ಕೆ ಬಹುಮಟ್ಟಿಗೆ ಸಮನಾಗಿ ಹಬ್ಬಿರುವುದರಿಂದ ರಾಜಸ್ಥಾನದ ಬಹುಭಾಗಕ್ಕೆ ಮಳೆ ಕಡಿಮೆ. ಆದರೆ ಎತ್ತರವಾಗಿ ಒಂಟಿಯಾಗಿ ನಿಂತ ಅಬು ತನ್ನ ಪಾಲನ್ನು ತಾನು ಹಿಡಿದುಕೊಳ್ಳುತ್ತದೆ. ಆ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣ ಅದೇ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೋಡ ನೆಲಕ್ಕಿಳಿದು ನಕ್ಕೀ ಸರೋವರದ ಈ ದಡದಿಂದ ಆ ದಡ ಕಾಣುವುದಿಲ್ಲ. ನೋಟವನ್ನು ಬಯಸಿ ಹೋದವರಿಗೆ ಇದು ನಿರಾಶೆ. ಮಂಜನ್ನೇ ಬಯಸಿ ಹೋದವರಿಗೆ ಹಬ್ಬ. ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ತಿಳಿಯಾಗಿ, ಗುರುಶಿಖರದಿಂದ ಬಹುದೂರದ ಬಯಲು ಕಾಣುತ್ತದೆ. ಇದೇ ಕಾಲದಲ್ಲಿ, ಅದರಲ್ಲಿಯೂ ಡಿಸೆಂಬರ್ ಕಡೆಯಿಂದ ಜನವರಿ ನಡುವಿನವರೆಗೆ, ಕೆಲವು ರಾತ್ರಿ ಉಷ್ಣಮಾನ ಸೊನ್ನೆಗೂ ಕೆಳಗಿಳಿದು, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತದೆ. ಇನ್ನು ದಿಲ್ವಾಡಾದ ಜೈನ ಮಂದಿರಗಳಿಗೆ ಋತುಭೇದವಿಲ್ಲ. 1031ರಲ್ಲಿ ವಿಮಲಶಾಹನು ಕಟ್ಟಿಸಿದ ವಿಮಲವಸಹಿಯ ಅಮೃತಶಿಲೆಯ ತಾವರೆಯು ಆಷಾಢದಲ್ಲಿಯೂ ಅರಳಿದೆ, ಮಾಘದಲ್ಲಿಯೂ ಅರಳಿದೆ. ಶಿಲ್ಪವನ್ನೇ ನೋಡಹೊರಟವರು ಜನ ಕಡಿಮೆಯಿರುವ ದಿನವನ್ನು ಆರಿಸಿದರೆ ಸಾಕು.

ಪಾವಾಗಢದ ವಿಚಾರ ಇದಕ್ಕಿಂತ ಭಿನ್ನ. ವಡೋದರದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿ, ಬಯಲಿನ ನಡುವೆ ಒಮ್ಮೆಲೆ ಎದ್ದುನಿಂತ ಬೆಟ್ಟ ಇದು. ಎತ್ತರ ಸುಮಾರು 800 ಮೀಟರು. ತುದಿಯಲ್ಲಿ ಮಹಾಕಾಳಿಯ ಗುಡಿ. ತಪ್ಪಲಿನಲ್ಲಿ ಚಾಂಪಾನೇರದ ಹಾಳು ನಗರ. 1484ರಲ್ಲಿ ಮಹಮೂದ್ ಬೇಗಡಾ ಈ ದುರ್ಗವನ್ನು ಗೆದ್ದು ಕೆಳಗೆ ರಾಜಧಾನಿಯನ್ನು ಕಟ್ಟಿಸಿದನು. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಚಾಂಪಾನೇರ-ಪಾವಾಗಢವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಮಾಚಿಯವರೆಗೆ ಬಸ್ಸು ಹೋಗುತ್ತದೆ. ಅಲ್ಲಿಂದ ಮುಂದೆ ಮೆಟ್ಟಿಲು. 1986ರಿಂದ ರೋಪ್‌ವೇ ಇದೆ. ಆದರೆ ಅದರಿಂದ ಇಳಿದ ಮೇಲೂ ಗುಡಿಗೆ ಮೆಟ್ಟಿಲು ಹತ್ತಲೇಬೇಕು.

ನಮ್ಮ ಲೆಕ್ಕವನ್ನು ಇಲ್ಲಿಗೆ ಹಚ್ಚಿ ನೋಡಿ. ಮೇ ತಿಂಗಳಲ್ಲಿ ವಡೋದರದಲ್ಲಿ 41 ಡಿಗ್ರಿಯಿದ್ದರೆ ತುದಿಯಲ್ಲಿ 35-36 ಡಿಗ್ರಿ. ಅದೂ ತುದಿ ಮುಟ್ಟಿದ ಮೇಲೆ. ಹತ್ತುವ ದಾರಿಯೆಲ್ಲ ಕೆಳಗಿನ ಬಿಸಿಲಿನದೇ. ಮೇಲಾಗಿ ಬೋಳು ಬಂಡೆಯು ಹಗಲೆಲ್ಲ ಕಾದು ಆ ಕಾವನ್ನು ಹತ್ತುವವನ ಮೈಮೇಲೆ ಸುರಿಯುತ್ತದೆ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ನಡುಮಧ್ಯಾಹ್ನ ಬರಿಗಾಲಿನಲ್ಲಿ ಹತ್ತಿದವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಪಾವಾಗಢವು ಬೇಸಗೆಯ ಆಶ್ರಯವಲ್ಲ, ಬೇಸಗೆಯ ಪರೀಕ್ಷೆ. ಕೆಲವು ವರ್ಷಗಳ ಕೆಳಗೆ ನಮ್ಮ ಬೀದಿಯ ಕುಟುಂಬವೊಂದು, ಊರಿನಿಂದ ಬಂದ ಅಜ್ಜಿಯೊಡನೆ, ವೈಶಾಖದ ಒಂದು ದಿನ ಹತ್ತು ಗಂಟೆಯ ಮೇಲೆ ಅಲ್ಲಿ ಮೆಟ್ಟಿಲು ಹತ್ತಲು ತೊಡಗಿತು. 'ನಾನು ಬಿಜಾಪುರದ ಹೊಲದಾಗ ದುಡಿದಾಕಿ' ಎಂದು ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ಅರ್ಧ ದಾರಿಯಲ್ಲಿ ಬೆವರು ನಿಂತು, ಮಾತು ತೊದಲಿ, ಕುಸಿದರು. ದಾರಿಯ ಅಂಗಡಿಯವರು ನೆರಳಿಗೆ ಒಯ್ದು, ಒದ್ದೆ ಬಟ್ಟೆ ಹೊದಿಸಿ, ಗಾಳಿ ಹಾಕಿ, ಕೂಡಲೆ ಆಸ್ಪತ್ರೆಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಹೊಲದಲ್ಲಿ ದುಡಿದ ಮೈ ನಲವತ್ತು ವರ್ಷದ ಹಿಂದಿನದು; ಬಿಸಿಲು ಮಾತ್ರ ಇಂದಿನದು.

ಬಿಸಿಲಿನ ಈ ಮಾತನ್ನು ಲಘುವಾಗಿ ಎಣಿಸಬಾರದು. 2010ರ ಮೇ ತಿಂಗಳ ಬೇಗೆಯಲ್ಲಿ ಅಹಮದಾಬಾದು ಒಂದರಲ್ಲಿಯೇ, ಆ ತಿಂಗಳಿನ ವಾಡಿಕೆಯ ಸಾವುಗಳಿಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ಸಾವುಗಳು ಸಂಭವಿಸಿದುವೆಂದು ಅನಂತರ ಲೆಕ್ಕ ಹಾಕಿದರು. ಅದರ ಫಲವಾಗಿ 2013ರಲ್ಲಿ ಈ ನಗರದ ಮಹಾನಗರಪಾಲಿಕೆಯು ಬೇಗೆಯನ್ನು ಎದುರಿಸುವ ಕಾರ್ಯಯೋಜನೆಯನ್ನು ರೂಪಿಸಿತು. ದಕ್ಷಿಣ ಏಷ್ಯಾದಲ್ಲಿ ಅಂಥದು ಅದೇ ಮೊದಲನೆಯದು. 2016ರ ಮೇ 20ರಂದು ಇಲ್ಲಿಯ ಉಷ್ಣಮಾನ 48 ಡಿಗ್ರಿಗೆ ಮುಟ್ಟಿತು. ಇಂಥ ದಿನಗಳು ಬರಬಹುದಾದ ತಿಂಗಳಲ್ಲಿ ಮಕ್ಕಳನ್ನೂ ಮುದುಕರನ್ನೂ ಬೋಳು ಬೆಟ್ಟಕ್ಕೆ ಹತ್ತಿಸುವುದು ಭಕ್ತಿಯೂ ಅಲ್ಲ, ವಿನೋದವೂ ಅಲ್ಲ.

ಹಾಗಾದರೆ ಪಾವಾಗಢಕ್ಕೆ ಯಾವಾಗ ಹೋಗಬೇಕು? ಕಾರ್ತಿಕದಿಂದ ಮಾಘದವರೆಗೆ. ಆಗ ಚಾಂಪಾನೇರದ ಜಾಮಿ ಮಸೀದಿಯಿಂದ ಕೋಟೆಯ ಬಾಗಿಲುಗಳವರೆಗೆ ಇಡೀ ದಿನ ನಡೆಯಬಹುದು. ಚೈತ್ರ ಮತ್ತು ಆಶ್ವಯುಜ ಮಾಸಗಳ ನವರಾತ್ರಿಗಳಲ್ಲಿ ದೇವಿಯ ದರ್ಶನಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಹರಕೆಯಿದ್ದವರು ಹೋಗಲಿ, ಚಿಕ್ಕ ಮಕ್ಕಳನ್ನು ಕೈಹಿಡಿದು ನೋಡಲು ಹೋಗುವವರು ಆ ದಿನಗಳನ್ನು ಬಿಡುವುದೇ ಲೇಸು.

ಮೂರನೆಯದಾದ ಸಾಪುತಾರಾ ನಮಗೆ ಹತ್ತಿರದ ನಂಟು. ಏಕೆಂದರೆ ಅದು ಸಹ್ಯಾದ್ರಿಯ ಬೆಟ್ಟ. ಆಗುಂಬೆಗೂ ಕೊಡಗಿಗೂ ಒಡಹುಟ್ಟು. ಸೂರತ್ತಿನಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ, ಡಾಂಗ್ ಜಿಲ್ಲೆಯ ಅಂಚಿನಲ್ಲಿ, ಸುಮಾರು ಸಾವಿರ ಮೀಟರು ಎತ್ತರದಲ್ಲಿದೆ. ಇಲ್ಲಿ ಸಹ್ಯಾದ್ರಿಯು ನೈಋತ್ಯ ಮಾರುತಕ್ಕೆ ಎದೆಯೊಡ್ಡಿ ನಿಂತಿರುವುದರಿಂದ ಗುಜರಾತದಲ್ಲಿ ಅತಿ ಹೆಚ್ಚು ಮಳೆ ಪಡೆಯುವ ಜಿಲ್ಲೆಗಳಲ್ಲಿ ಡಾಂಗ್ ಒಂದು. ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಹಮದಾಬಾದಿಗೆ ಬೀಳುವುದು ಸುಮಾರು 800 ಮಿಲಿಮೀಟರು. ಆಗುಂಬೆಯಾದರೋ 7000 ಮಿಲಿಮೀಟರಿಗೂ ಮೀರುತ್ತದೆ; ಆದ್ದರಿಂದ ಮಲೆನಾಡಿನವರು ಡಾಂಗಿನ ಮಳೆಗೆ ಅಂಜಬೇಕಾಗಿಲ್ಲ, ಅದನ್ನು ಉದಾಸೀನ ಮಾಡಬೇಕಾಗಿಯೂ ಇಲ್ಲ.

ಸಾಪುತಾರೆಗೆ ಮಳೆಗಾಲವೇ ಜೀವ. ಗುಜರಾತ ಸರಕಾರವು ಅಲ್ಲಿ ಮಳೆಗಾಲದಲ್ಲಿಯೇ ಉತ್ಸವ ನಡೆಸುತ್ತದೆ. ಮೋಡಗಳು ನಮಗಿಂತ ಕೆಳಗೆ ಕಣಿವೆಯಲ್ಲಿ ಮೇಯುತ್ತಿರುತ್ತವೆ. ವಘಯಿಯ ಬಳಿ ಅಂಬಿಕಾ ನದಿಯ ಗಿರಾ ಜಲಪಾತವು ಕೆಂಪು ನೀರು ತುಂಬಿ ಭೋರ್ಗರೆಯುತ್ತದೆ. ಇದೇ ಜಲಪಾತವನ್ನು ಫಾಲ್ಗುಣದಲ್ಲಿ ನೋಡಹೋದರೆ ಕರಿ ಬಂಡೆ ಮಾತ್ರ ಕಾಣುತ್ತದೆ, ನೀರಿನ ಗೆರೆ ಹುಡುಕಬೇಕು. ನೀರನ್ನು ನೋಡಬೇಕೆಂಬವರು ಮಳೆಗಾಲದಲ್ಲಿಯೇ ಹೋಗಬೇಕು; ಆದರೆ ಅದರ ತುದಿಯಲ್ಲಿ, ಗಣೇಶನ ಹಬ್ಬ ಕಳೆದು ಸೆಪ್ಟೆಂಬರಿನ ಉತ್ತರಾರ್ಧದಲ್ಲಿ ಹೋದರೆ, ಮಳೆಯ ಬಿರುಸು ತಗ್ಗಿರುತ್ತದೆ, ಜಲಪಾತ ಇನ್ನೂ ತುಂಬಿರುತ್ತದೆ. ಸೂರತ್ತಿನವರಿಗೆ ಶನಿವಾರ, ಭಾನುವಾರಗಳೆರಡೇ ಸಾಕು. ನಾಲ್ಕುನೂರು ಕಿಲೋಮೀಟರು ದೂರದ ಅಹಮದಾಬಾದಿನವರಿಗೆ ಎರಡು ದಿನ ಸಾಲದು.

ದೀಪಾವಳಿಯ ಹೊತ್ತಿಗೆ ಡಾಂಗಿನಲ್ಲಿ ಇನ್ನೊಂದು ನೋಟವುಂಟು. ಅಲ್ಲಿಯ ಗುಡ್ಡದ ಇಳಿಜಾರಿನಲ್ಲಿ ಭಿಲ್ಲರೂ ಕುಕಣಾ ಜನರೂ 'ನಾಗಲಿ' ಎಂಬ ಧಾನ್ಯವನ್ನು ಬೆಳೆಯುತ್ತಾರೆ. ಆ ನಾಗಲಿ ಮತ್ತೇನೂ ಅಲ್ಲ, ನಮ್ಮ ರಾಗಿಯೇ. ಅದರ ಕೊಯ್ಲು ಇದೇ ಸಮಯಕ್ಕೆ ಬರುತ್ತದೆ. ಅಕ್ಕಿ ಗೋದಿಗಳನ್ನಲ್ಲದೆ ಬೇರೆ ಧಾನ್ಯವನ್ನು ಅಂಗಡಿಯ ಪೊಟ್ಟಣದಲ್ಲಿ ಮಾತ್ರ ಕಂಡಿರುವ ನಮ್ಮ ನಗರದ ಮಕ್ಕಳು ರಾಗಿಯ ತೆನೆಯನ್ನು ಮೊದಲ ಬಾರಿ ಕೈಯಲ್ಲಿ ಹಿಡಿಯುವುದು ಕರ್ನಾಟಕದಲ್ಲಿಯೇ ಆಗಬೇಕೆಂದಿಲ್ಲ. ಫಾಲ್ಗುಣದಲ್ಲಿ ತೇಗದ ಕಾಡು ಎಲೆಯುದುರಿಸಿ ಬರಿದಾದಾಗ ಮುತ್ತುಗದ ಮರಗಳು, ಗುಜರಾತಿಯಲ್ಲಿ ಕೇಸುಡಾ, ಕೆಂಡದಂತೆ ಹೂಬಿಡುತ್ತವೆ. ಹೋಳಿಗೆ ಮುನ್ನ ಆಹ್ವಾದಲ್ಲಿ 'ಡಾಂಗ್ ದರಬಾರ್' ನೆರೆಯುತ್ತದೆ. ಹೂವನ್ನು ಬಯಸುವವರಿಗೆ ಅದೇ ಕಾಲ. ಆದರೆ ಆಗ ಪರೀಕ್ಷೆಯ ಕಾಲವೂ ಹತ್ತಿರ ಬಂದಿರುತ್ತದೆ ಎಂಬುದನ್ನು ಶಿಕ್ಷಕನಾದ ನಾನು ಹೇಳದೆ ಬಿಡಲಾರೆ.

ಮಳೆಗಾಲದ ಪ್ರವಾಸದ ಅಪಾಯಗಳನ್ನೂ ಹೇಳಬೇಕು. ಬೆಟ್ಟದ ಮೇಲೆ ಸುರಿದ ಮಳೆ ಬೆಟ್ಟದ ಮೇಲೆ ನಿಲ್ಲುವುದಿಲ್ಲ. ವಡೋದರದೊಳಗೆ ಹರಿಯುವ ವಿಶ್ವಾಮಿತ್ರಿ ನದಿ ಹುಟ್ಟುವುದು ಪಾವಾಗಢದ ಬೆಟ್ಟಗಳಲ್ಲಿ. 2024ರ ಆಗಸ್ಟ್‌ನಲ್ಲಿ ಆ ನದಿ ಉಕ್ಕಿ ನಗರದೊಳಗೆ ನುಗ್ಗಿದುದನ್ನು ಅಲ್ಲಿಯ ನಮ್ಮ ಬಂಧುಗಳು ಮರೆತಿಲ್ಲ. 2006ರ ಆಗಸ್ಟ್‌ನಲ್ಲಿ ಉಕಾಯಿ ಅಣೆಕಟ್ಟಿನಿಂದ ಹೊರಬಿಟ್ಟ ನೀರಿನಿಂದ ತಾಪಿಯು ಸೂರತ್ತನ್ನು ಮುಳುಗಿಸಿತು. 2017ರ ಜುಲೈಯಲ್ಲಿ ಅಬುವಿನಲ್ಲಿಯೂ ಬನಾಸಕಾಂಠಾದಲ್ಲಿಯೂ ಅತಿವೃಷ್ಟಿಯಾಗಿ ಬಯಲಿನ ಹಳ್ಳಿಗಳು ಜಲಾವೃತವಾದುವು. ನಮ್ಮ ನಾಡಿನಲ್ಲಿಯೂ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದುವು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿಯಿತು. ಹಿಮಾಲಯದ ಕೇದಾರದಲ್ಲಿ 2013ರ ಜೂನ್ ತಿಂಗಳಲ್ಲಿ ನಡೆದುದು ಜಗತ್ತಿಗೇ ತಿಳಿದಿದೆ. ಇವನ್ನು ಬೆದರಿಸಲು ಹೇಳುತ್ತಿಲ್ಲ. ಘಟ್ಟದ ರಸ್ತೆಗೆ ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಬೇಕು; ಕೆಂಪು ಅಥವಾ ಕಿತ್ತಳೆ ಬಣ್ಣದ ಎಚ್ಚರಿಕೆಯಿದ್ದರೆ, ಕೊಟ್ಟ ಮುಂಗಡ ಹಣ ಹೋದರೂ ಸರಿ, ಪ್ರವಾಸವನ್ನು ಮುಂದೂಡಬೇಕು. ಬೆಟ್ಟ ಮುಂದಿನ ವರ್ಷವೂ ಇರುತ್ತದೆ.

ಇನ್ನು ರಜೆಯ ಪ್ರಶ್ನೆ. ಪಂಚಾಂಗ ಏನೇ ಹೇಳಲಿ, ಮಕ್ಕಳಿಗೆ ಬಿಡುವಿರುವುದು ಎರಡೇ ಸಲ: ಬೇಸಗೆಯಲ್ಲಿ ಐದು ವಾರ, ದೀಪಾವಳಿಗೆ ಮೂರು ವಾರ. ಕರ್ನಾಟಕದಲ್ಲಿ ದಸರೆಗೆ ರಜೆ, ಇಲ್ಲಿ ದೀಪಾವಳಿಗೆ. ಈ ವ್ಯತ್ಯಾಸವು ಗಿರಿಯಾತ್ರಿಕರಿಗೆ ಒಂದು ವರವೆಂದೇ ಹೇಳಬೇಕು. ನೈಋತ್ಯ ಮಾರುತವು ಸೆಪ್ಟೆಂಬರ್ ಕಡೆಯಿಂದ ಅಕ್ಟೋಬರ್ ಮೊದಲ ಭಾಗದೊಳಗೆ ಗುಜರಾತದಿಂದ ಹಿಂದೆಗೆಯುತ್ತದೆ. ಅಕ್ಟೋಬರಿನ ಬಿಸಿಲೂ ದೀಪಾವಳಿಯ ಹೊತ್ತಿಗೆ ಇಳಿಮುಖವಾಗಿರುತ್ತದೆ. ನೆಲ ಇನ್ನೂ ಹಸಿರು, ಆಕಾಶ ನಿರ್ಮಲ, ರಾತ್ರಿ ಹಿತವಾದ ಚಳಿ. ಇದೇ ಸಮಯದಲ್ಲಿ ದಕ್ಷಿಣ ಕರ್ನಾಟಕದಲ್ಲಿ ಹಿಂಗಾರು ಮಳೆ ಇನ್ನೂ ಮುಗಿದಿರುವುದಿಲ್ಲ. ಗಿರನಾರಿನ ಸುತ್ತಲಿನ ಕಾಡಿನಲ್ಲಿ ನಡೆಯುವ 'ಲೀಲಿ ಪರಿಕ್ರಮಾ' ಎಂಬ 36 ಕಿಲೋಮೀಟರುಗಳ ಕಾಲ್ನಡಿಗೆಯ ಪ್ರದಕ್ಷಿಣೆಯನ್ನು ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗೆ ಇಟ್ಟಿರುವುದರ ಮರ್ಮವನ್ನು ಗಮನಿಸಿರಿ. ಮಳೆ ನಿಂತಿದೆ, ಝರಿ ಬತ್ತಿಲ್ಲ, ಬೆಳದಿಂಗಳುಂಟು, ಚಳಿ ಕೊರೆಯುವುದಿಲ್ಲ. ಶಾಸ್ತ್ರವು ಪುಣ್ಯಕಾಲವೆಂದುದೂ ಅನುಭವವು ಸುಖಕಾಲವೆಂದುದೂ ಇಲ್ಲಿ ಒಂದಾಗಿವೆ.

ಆದರೆ ಈ ಗುಟ್ಟು ನಮಗೊಬ್ಬರಿಗೇ ತಿಳಿದಿಲ್ಲ. ದೀಪಾವಳಿಯ ಮರುದಿನದಿಂದ ಲಾಭಪಂಚಮಿಯವರೆಗೆ ಗುಜರಾತದ ಪೇಟೆಗಳು ಮುಚ್ಚಿರುವುದರಿಂದ ಆ ದಿನಗಳಲ್ಲಿ ಅಬುವಿಗೂ ಸಾಪುತಾರೆಗೂ ಜನಪ್ರವಾಹವೇ ಹರಿಯುತ್ತದೆ. ಕೋಣೆಯ ಬಾಡಿಗೆ ಎರಡು ಮೂರು ಪಟ್ಟು ಏರುತ್ತದೆ. ಘಟ್ಟದ ರಸ್ತೆಯಲ್ಲಿ ಗಂಟೆಗಟ್ಟಲೆ ಗಾಡಿಗಳ ಸಾಲು. ಲಾಭಪಂಚಮಿಯಂದು ಅಂಗಡಿಗಳು ತೆರೆದೊಡನೆ ಜನ ಇಳಿದುಬರುತ್ತಾರೆ. ಶಾಲೆಯ ರಜೆ ಮಾತ್ರ ಇನ್ನೂ ಹತ್ತು ಹನ್ನೆರಡು ದಿನ ಉಳಿದಿರುತ್ತದೆ. ಆ ದಿನಗಳೇ ನಮ್ಮಂಥ ಅಲ್ಪ ಆದಾಯದವರ ಪಾಲಿನ ಸುಮುಹೂರ್ತ. ನಮ್ಮ ಪಾಲಕರಲ್ಲಿ ಹೋಟೆಲು ನಡೆಸುವವರು, ಹೋಟೆಲುಗಳಲ್ಲಿ ದುಡಿಯುವವರು ಅನೇಕರಿದ್ದಾರೆ. ಹಬ್ಬದ ವಾರ ಅವರಿಗೆ ಉಸಿರಾಡಲು ಬಿಡುವಿಲ್ಲ. ಅದು ಮುಗಿದ ಮೇಲೆಯೇ ಎರಡು ದಿನದ ರಜೆ ಸಿಗುವುದು. ಅವರಿಗಂತೂ ಲಾಭಪಂಚಮಿಯ ಅನಂತರದ ಕಾಲ ಹೇಳಿ ಮಾಡಿಸಿದಂತಿದೆ. ಬಟ್ಟೆಯ ಪೇಟೆಗಳಲ್ಲಿ ಕೆಲಸ ಮಾಡುವವರಿಗೆ ಈ ಸೌಕರ್ಯವಿಲ್ಲ. ಅವರು ಪಂಚಮಿಯ ಬಳಿಕದ ಒಂದು ಭಾನುವಾರವನ್ನು ಹತ್ತಿರದ ಬೆಟ್ಟಕ್ಕೆ ಮೀಸಲಿಡಬಹುದು.

ಬೇಸಗೆಯ ರಜೆಯಲ್ಲಿಯೇ ಹೋಗಬೇಕಾದವರು ಸಾವಿರ ಮೀಟರಿಗಿಂತ ಎತ್ತರದ ಊರನ್ನೇ ಆರಿಸಬೇಕು. ಬೆಳಿಗ್ಗೆ ಹತ್ತರೊಳಗೆ, ಸಂಜೆ ಐದರ ಮೇಲೆ ಮಾತ್ರ ಬಿಸಿಲಿನಲ್ಲಿ ನಡೆಯಬೇಕು. ಅಡವಿಯ ಪ್ರಾಣಿಗಳನ್ನು ನೋಡಲು ಗಿರ್ ಅರಣ್ಯಕ್ಕೆ ಹೋಗುವವರು ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಅದು ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಚಳಿಗಾಲದಲ್ಲಿ ಅಬುವಿಗೆ ಹೋಗುವವರು ಉಣ್ಣೆಯ ಬಟ್ಟೆ, ಕಿವಿ ಮುಚ್ಚುವ ಟೊಪ್ಪಿಗೆಗಳನ್ನು ಒಯ್ಯಬೇಕು. ಸಂಜೆ ಆರಕ್ಕೆಲ್ಲ ಕತ್ತಲೆಯಾಗುವುದರಿಂದ ದೂರದ ನಡಿಗೆಯನ್ನು ಬೆಳಿಗ್ಗೆಯೇ ಮುಗಿಸಬೇಕು. ಗುಜರಾತಿಗಳು 'ಮಾವಠು' ಎಂದು ಕರೆಯುವ ಅಕಾಲದ ಮಳೆ ಚಳಿಗಾಲದಲ್ಲಿಯೂ ಒಮ್ಮೊಮ್ಮೆ ಬೀಳುವುದುಂಟು. ಒಂದು ಛತ್ರಿ ಜೊತೆಗಿದ್ದರೆ ಭಾರವೇನೂ ಆಗದು.

ಇಷ್ಟೆಲ್ಲ ವಿವರ ಏತಕ್ಕೆಂದರೆ, ನಮ್ಮ ಮಕ್ಕಳಲ್ಲಿ ಬಹಳ ಮಂದಿ ಒಂದು ಬೆಟ್ಟವನ್ನೂ ಹತ್ತದೆ ಶಾಲೆ ಮುಗಿಸುತ್ತಾರೆ. ಕೂಡಿಟ್ಟ ಹಣವೆಲ್ಲ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲಿಗೆ ಸಲ್ಲುತ್ತದೆ. ಅದು ತಪ್ಪಲ್ಲ, ಅಜ್ಜಿ, ಅಜ್ಜಂದಿರ ಮುಖ ನೋಡಬೇಕಾದುದೇ. ಆದರೆ ಊರಿನಲ್ಲಿ ಈ ಮಕ್ಕಳನ್ನು 'ಗುಜರಾತದವರು' ಎನ್ನುತ್ತಾರೆ, ಇಲ್ಲಿ 'ಮದರಾಸಿಗಳು' ಎನ್ನುತ್ತಾರೆ. ಎರಡು ನಾಡಿನ ನಡುವೆ ಬೆಳೆಯುವ ಮಗುವಿಗೆ ಎರಡರ ನೆಲವೂ ಕಾಲಿಗೆ ಪರಿಚಿತವಾಗಿರಬೇಕು. ಮಲೆನಾಡಿನ ಬೆಟ್ಟಗಳನ್ನು ಪಾಠದಲ್ಲಿ ಓದಿ ಕೊಂಡಾಡುವ ಹುಡುಗನು ಮೂರು ಗಂಟೆಯ ದಾರಿಯಲ್ಲಿರುವ ಬೆಟ್ಟವನ್ನು ಕಾಣದಿದ್ದರೆ, ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ನಾವೇ ಉದಾಹರಣೆಯಾದಂತೆ. ಇದ್ದ ಸ್ವಲ್ಪ ಹಣದಲ್ಲಿ ಒಂದು ಸಲ ಹೋಗುವವರಿಗೆ ಕಾಲದ ಆಯ್ಕೆ ಶ್ರೀಮಂತರಿಗಿಂತ ಹೆಚ್ಚು ಮುಖ್ಯ. ಶ್ರೀಮಂತರು ಮಂಜಿನಲ್ಲಿ ಏನೂ ಕಾಣದೆ ಬಂದರೆ ಇನ್ನೊಮ್ಮೆ ಹೋಗುತ್ತಾರೆ. ನಮಗೆ ಆ ಇನ್ನೊಮ್ಮೆ ಸುಲಭವಲ್ಲ.

ಆದುದರಿಂದ ಪ್ರವಾಸ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನನ್ನ ಬಿನ್ನಹ. ನಾವು ನೋಡಬಯಸುವುದು ಏನನ್ನು: ನೀರನ್ನೋ, ದೂರದ ನೋಟವನ್ನೋ, ಹೂವನ್ನೋ, ಶಿಲ್ಪವನ್ನೋ? ನಮ್ಮೊಡನೆ ಬರುವವರಲ್ಲಿ ಎಲ್ಲರಿಗಿಂತ ಅಶಕ್ತರು ಯಾರು? ಮೊದಲನೆಯ ಉತ್ತರವು ತಿಂಗಳನ್ನು ಹೇಳುತ್ತದೆ. ಎರಡನೆಯ ಉತ್ತರವು ಬೆಟ್ಟವನ್ನೂ ಹತ್ತುವ ಹೊತ್ತನ್ನೂ ಹೇಳುತ್ತದೆ. ಇವೆರಡೂ ಸ್ಪಷ್ಟವಾದ ಮೇಲೆ ರಜೆಯ ಸುತ್ತೋಲೆಯನ್ನು ತೆರೆದು, ಅದರಲ್ಲಿ ಯಾವ ದಿನಗಳು ಹೊಂದುತ್ತವೆಂದು ನೋಡಬಹುದು.